ದನವಿಲ್ಲದ ಹಿತ್ತಲಿಗೆ ಸಾರ ಎಲ್ಲಿಂದ ತರುವುದು?

ಪ್ರಶ್ನೆ: ಕುಂದಾಪುರ ತಾಲ್ಲೂಕಿನ ಒಳನಾಡಿನಲ್ಲಿ ನಮ್ಮದು ಅರ್ಧ ಎಕರೆಯ ಹಿತ್ತಲು. ಅರವತ್ತು ಅಡಿಕೆ ಮರ, ಎಂಟು ತೆಂಗು, ಬಾಳೆ, ಕಾಳುಮೆಣಸಿನ ಬಳ್ಳಿ, ಮನೆಮಟ್ಟಿಗೆ ಬಸಳೆ ಮತ್ತು ತರಕಾರಿ ಇವೆ. ಮಣ್ಣು ಮುರಕಲ್ಲಿನ ಕೆಂಪು ಮಣ್ಣು. ಅತ್ತೆಯವರ ಕಾಲದಲ್ಲಿ ಹಟ್ಟಿಯಲ್ಲಿ ಐದಾರು ದನಗಳಿದ್ದವು; ಹಾಡಿಯಿಂದ (ಊರ ಬದಿಯ ಕಿರುಕಾಡಿನಿಂದ) ಸೊಪ್ಪು, ತರಗೆಲೆ ತರುತ್ತಿದ್ದರು, ಸುಡುಮಣ್ಣು ಮಾಡುತ್ತಿದ್ದರು, ಬುಡಕ್ಕೆ ಬೂದಿ ಹಾಕುತ್ತಿದ್ದರು. ಈಗ ದನಗಳಿಲ್ಲ. ಎರಡು ವರ್ಷಗಳಿಂದ ಪಕ್ಕದ ಮನೆಯ ಸಗಣಿ, ಗಂಜಲ ತಂದು ತಿಂಗಳಿಗೊಂದು ಡ್ರಮ್ ಜೀವಾಮೃತವನ್ನು ಮಾತ್ರ ಕೊಡುತ್ತಿದ್ದೇನೆ. ಬಾಳೆಯ ಕೆಳಗಿನ ಎಲೆಗಳ ಅಂಚು ಒಣಗುತ್ತಿದೆ, ಅಡಿಕೆಯ ಸೋಗೆ ಹಳದಿಯಾಗುತ್ತಿದೆ. ಹಿಂದಿನವರ ಪದ್ಧತಿಗಳಲ್ಲಿ ಯಾವುವು ನಿಜಕ್ಕೂ ಮಣ್ಣಿಗೆ ಆಗುವಂಥವು? ದನ ಕಟ್ಟದೆ ಅವನ್ನು ಮಾಡಲು ಸಾಧ್ಯವೇ?

ಉತ್ತರ: ನಿಮ್ಮ ಅತ್ತೆಯವರ ಕಾಲದ ಹಿತ್ತಲು ತನ್ನ ಗೊಬ್ಬರವನ್ನು ತಾನೇ ಹುಟ್ಟಿಸಿಕೊಳ್ಳುತ್ತಿರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಹಾಡಿಯ ಸೊಪ್ಪು ಮತ್ತು ತರಗೆಲೆ, ಗದ್ದೆಯ ಬೈಹುಲ್ಲು, ಮಿಲ್ಲಿನ ತೌಡು, ಅಂಗಡಿಯ ಹಿಂಡಿ ಇವೆಲ್ಲವೂ ಹೊರಗಿನಿಂದ ಬಂದು ಹಟ್ಟಿಯಲ್ಲಿ ಕೂಡಿ, ಅಲ್ಲಿಂದ ಗೊಬ್ಬರವಾಗಿ ಮರಗಳ ಬುಡ ಸೇರುತ್ತಿದ್ದವು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಸ್ವಂತ ಜಮೀನಿನ, ಅಂಚಿನಿಂದ ನೂರು ಗಜದ ವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತೆಗೆದುಕೊಳ್ಳುವ ಕುಮ್ಕಿ ಸೌಲಭ್ಯ ಇದ್ದದ್ದು, ಉತ್ತರ ಕನ್ನಡದಲ್ಲಿ ಅಡಿಕೆ ತೋಟಗಳಿಗೆ ತೋಟದ ಹಲವು ಪಟ್ಟು ವಿಸ್ತೀರ್ಣದ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು, ಕೊಡಗಿನಲ್ಲಿ ಗದ್ದೆಯ ಜೊತೆಗೆ ಸೊಪ್ಪು, ಕಟ್ಟಿಗೆಗೆಂದು ಬಿಟ್ಟ ಕಾಡುಜಾಗವಾದ ಬಾಣೆ ಇದ್ದದ್ದು, ಇವೆಲ್ಲ ಕಂದಾಯದ ಉದಾರತೆಯಿಂದ ಆದವಲ್ಲ. ಬೆಟ್ಟದ ಎಲೆಯಿಲ್ಲದೆ ಮಲೆನಾಡು, ಕರಾವಳಿಯ ತೋಟ ನಿಲ್ಲುವುದಿಲ್ಲವೆಂಬುದು ಕಾನೂನು ಬರೆದವರಿಗೂ ತಿಳಿದಿತ್ತು. ಆದ್ದರಿಂದ ಹಳೆಯ ಪದ್ಧತಿಗಳಲ್ಲಿ ಯಾವುದು ಒಳ್ಳೆಯದು ಎಂದು ಅಳೆಯುವಾಗ ನಾನು ಮೊದಲು ಕೇಳುವುದು ಇಷ್ಟು: ಅದು ಏನನ್ನು, ಎಲ್ಲಿಂದ, ಯಾವ ತಿಂಗಳಿನಲ್ಲಿ ತರುತ್ತದೆ?

ತಿಂಗಳಿಗೆ ಇಷ್ಟು ಮಹತ್ವ ಬರಲು ನಮ್ಮ ಮಳೆಯೂ ಮಣ್ಣೂ ಕಾರಣ. ನಿಮ್ಮ ಸೀಮೆಯಲ್ಲಿ ವರ್ಷಕ್ಕೆ 3000ದಿಂದ 4000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿನಲ್ಲೇ ಸುರಿಯುತ್ತದೆ. ಮುರಕಲ್ಲಿನ ಮಣ್ಣಿನಲ್ಲಿರುವ ಜೇಡಿಯ ಬಗೆ ಪೊಟ್ಯಾಷ್, ಸುಣ್ಣದಂಥ ಪೋಷಕಗಳನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ತೀರ ದುರ್ಬಲವಾದದ್ದು. ಕಪ್ಪುಮಣ್ಣಿನ ಸೀಮೆಯವರು ಒಮ್ಮೆ ಹಾಕಿದ್ದನ್ನು ಮಣ್ಣು ಕಾಪಾಡಿಕೊಂಡೀತು ಎಂದು ನಂಬಬಹುದು, ನಾವು ನಂಬುವಂತಿಲ್ಲ. ಇಲ್ಲಿ ಆ ಹಿಡಿದಿಡುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಕೊಳೆತ ಸಾವಯವ ಪದಾರ್ಥ. ಆದರೆ ಸೆಖೆ ಮತ್ತು ತೇವ ಒಟ್ಟಿಗೆ ಇರುವ ಹವೆಯಲ್ಲಿ ಅದು ಕೂಡ ಬೇಗ ಕರಗಿಹೋಗುತ್ತದೆ. ಪ್ರತಿ ವರ್ಷ ಸೊಪ್ಪು ಹೊರುತ್ತಿದ್ದವರು ರೂಢಿಯ ದಾಸರಾಗಿ ಹೊರುತ್ತಿರಲಿಲ್ಲ; ಒಂದು ವರ್ಷ ತಪ್ಪಿಸಿದರೆ ಮರ ತೋರಿಸಿಕೊಡುತ್ತಿತ್ತು. ನಿಮ್ಮ ಮರಗಳು ಈಗ ತೋರಿಸುತ್ತಿರುವುದೂ ಅದನ್ನೇ.

ಜೀವಾಮೃತದ ಲೆಕ್ಕವನ್ನು ಇಲ್ಲಿಯೇ ಮಾಡಿಬಿಡೋಣ. ಸಾಮಾನ್ಯವಾಗಿ ಹೇಳುವ ಪ್ರಮಾಣದಂತೆ 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಸೇರುತ್ತವೆ. ಇವುಗಳಲ್ಲಿರುವ ಸಾರಜನಕವನ್ನೆಲ್ಲ ಕೂಡಿಸಿದರೆ ಡ್ರಮ್ಮಿಗೆ ಸುಮಾರು 200 ಗ್ರಾಂ ಆಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು, ಜೊತೆಗೆ 12 ಕಿಲೋ ಹಸಿರೆಲೆ ಮತ್ತು 12 ಕಿಲೋ ಕಾಂಪೋಸ್ಟ್. ತೆಂಗಿಗೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್. ನಿಮ್ಮ ಅರವತ್ತು ಅಡಿಕೆ ಮತ್ತು ಎಂಟು ತೆಂಗಿಗೆ ಹೀಗೆ ಸುಮಾರು 10 ಕಿಲೋ ಸಾರಜನಕ, 18 ಕಿಲೋ ಪೊಟ್ಯಾಷ್ ಬೇಕಾಗುತ್ತದೆ. ಬಾಳೆ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ತಿಂಗಳಿಗೊಂದು ಡ್ರಮ್ಮಿನಂತೆ ವರ್ಷವಿಡೀ ಎರೆದರೂ ನೀವು ಕೊಟ್ಟದ್ದು ಎರಡೂವರೆ ಕಿಲೋ ಸಾರಜನಕ ಮುಟ್ಟುವುದಿಲ್ಲ, ಅದರಲ್ಲೂ ಜಡಿಮಳೆಯ ತಿಂಗಳುಗಳದ್ದು ನೀರಿನೊಂದಿಗೆ ತೋಡಿಗೆ ಹರಿದಿರುತ್ತದೆ. ಪೊಟ್ಯಾಷ್‌ನ ಕೊರತೆಯಂತೂ ಇದಕ್ಕಿಂತ ದೊಡ್ಡದು. ಜೀವಾಮೃತ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಣಎಲೆಯ ರಾಶಿಯ ಮೇಲೆ ಸುರಿದರೆ ಅದು ಕೊಳೆಯುವುದಕ್ಕೆ ಚೆನ್ನಾಗಿ ನೆರವಾಗುತ್ತದೆ. ಕೊಳೆಯಲು ಏನೂ ಇಲ್ಲದ ಬರಿಯ ಕೆಂಪು ನೆಲಕ್ಕೆ ಅದನ್ನು ಎರೆಯುವುದು ಅಕ್ಕಿ ಹಾಕದ ಇಡ್ಲಿಹಿಟ್ಟು ಹುದುಗಲೆಂದು ಕಾದಂತೆ.

ಬಾಳೆಯ ಹಳೆಯ ಎಲೆಗಳ ಅಂಚು ಮೊದಲು ಹಳದಿಯಾಗಿ, ಆಮೇಲೆ ಸುಟ್ಟಂತೆ ಒಣಗುವುದು ಪೊಟ್ಯಾಷ್ ಕೊರತೆಯ ಸ್ಪಷ್ಟ ಚಿಹ್ನೆ. ಹಿಂದಿನ ಹಿತ್ತಲಿನಲ್ಲಿ ಇದನ್ನು ತುಂಬಿಕೊಡುತ್ತಿದ್ದದ್ದು ಬೂದಿ ಮತ್ತು ತೋಟದ ಕಸ. ತೆಂಗಿನಕಾಯಿಯಲ್ಲಿರುವ ಪೊಟ್ಯಾಷ್‌ನ ದೊಡ್ಡ ಪಾಲು ಸಿಪ್ಪೆಯಲ್ಲಿದೆ. ಬಾಳೆಯಲ್ಲಿ ಅದು ದಿಂಡಿನಲ್ಲಿದೆ. ಅಡಿಕೆಯ ಸಿಪ್ಪೆ, ಸೋಗೆ, ಹಾಳೆಗಳಲ್ಲಿಯೂ ಇದೆ. ಈಗ ಅಡಿಕೆಯನ್ನು ಹಸಿಯಾಗಿಯೇ ಮಾರುವ, ಸಿಪ್ಪೆಯನ್ನು ರಸ್ತೆಯ ಬದಿಗೆ ಸುರಿದು ಬೆಂಕಿ ಹಚ್ಚುವ, ಗೊನೆ ಕಡಿದ ಬಾಳೆಯನ್ನು ಬೇಲಿಯಾಚೆ ಎಸೆಯುವ ರೂಢಿ ಎಲ್ಲೆಡೆ ಬಂದಿದೆ, ಮತ್ತು ಹಾಗೆ ಎಸೆದವರೇ ಮರುತಿಂಗಳು ಚೀಲದ ಪೊಟ್ಯಾಷ್ ಕೊಳ್ಳಲು ಹೋಗುತ್ತಾರೆ. ನೀವು ಈ ವರ್ಷವೇ ಮಾಡಬಹುದಾದ, ಒಂದು ರೂಪಾಯಿಯೂ ಬೇಡದ ಕೆಲಸವೆಂದರೆ ಹಿತ್ತಲಿನಿಂದ ಇಂಥದ್ದೇನೂ ಹೊರಗೆ ಹೋಗದಂತೆ ನೋಡಿಕೊಳ್ಳುವುದು. ಗೊನೆ ಕಡಿದ ಬಾಳೆಯ ದಿಂಡನ್ನು ಅಡ್ಡಕ್ಕೆ ಕತ್ತರಿಸಿ ಅದೇ ಬುಡದ ಸುತ್ತ ಹರಡಬೇಕು. ತೆಂಗಿನ ಸಿಪ್ಪೆಯನ್ನು ಮರದಿಂದ ಐದಾರು ಅಡಿ ದೂರದಲ್ಲಿ ತೋಡಿದ ಕಣಿಯಲ್ಲಿ, ಒಳಮೈ ಮೇಲಾಗುವಂತೆ, ಪದರ ಪದರವಾಗಿ ಜೋಡಿಸಿ ನಡುನಡುವೆ ಮಣ್ಣು ಕೊಟ್ಟು ಮುಚ್ಚುವುದು ಕರಾವಳಿಯ ಹಳೆಯ ಕ್ರಮ, ಸಂಶೋಧನಾ ಸಂಸ್ಥೆಯೂ ಅದನ್ನೇ ಶಿಫಾರಸು ಮಾಡುತ್ತದೆ. ಹೀಗೆ ಹೂತ ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರು ಹೀರಿ ಬೇಸಗೆಯಲ್ಲಿ ಬೇರಿಗೆ ಕೊಡುತ್ತದೆ, ಅದರ ಪ್ರಯೋಜನ ಐದಾರು ವರ್ಷ ಉಳಿಯುತ್ತದೆ.

ಬೂದಿಯ ವಿಷಯದಲ್ಲಿ ಹಿಂದಿನವರು ತಿಳಿದೇ ಮಾಡುತ್ತಿದ್ದರು. ಸೌದೆಯ ಬೂದಿಯಲ್ಲಿ ಪೊಟ್ಯಾಷ್ ಶೇಕಡ 5ರ ಆಸುಪಾಸಿನಲ್ಲಿರುತ್ತದೆ, ಸುಣ್ಣದ ಅಂಶ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ನಮ್ಮ ಹುಳಿ ಮಣ್ಣಿಗೆ ಅದು ಗೊಬ್ಬರವೂ ಹೌದು, ಹುಳಿ ತಗ್ಗಿಸುವ ಮದ್ದೂ ಹೌದು. ಆದರೆ ಬೂದಿಯ ಪೊಟ್ಯಾಷ್ ನೀರಿನಲ್ಲಿ ಥಟ್ಟನೆ ಕರಗುವಂಥದ್ದು, ಅಂಗಳದ ಮೂಲೆಯಲ್ಲಿ ಒಂದು ಮಳೆಗಾಲ ನೆನೆದ ಬೂದಿಯಲ್ಲಿ ಅದು ಉಳಿದಿರುವುದಿಲ್ಲ. ಒಣಗಿದ ಜಾಗದಲ್ಲಿ ಕೂಡಿಟ್ಟು, ಮಳೆ ಬಿಟ್ಟ ಮೇಲೆ ಅಡಿಕೆಗೆ ಬುಡಕ್ಕೊಂದು ಕಿಲೋದಂತೆ, ಬಾಳೆಗೆ ಎರಡು ಮೂರು ಕಂತಿನಲ್ಲಿ ಕೊಡಬಹುದು. ಹಸಿ ಸಗಣಿಗೋ ಗಂಜಲಕ್ಕೋ ಬೂದಿ ಬೆರೆಸಬಾರದು, ಕ್ಷಾರ ತಗುಲಿದ ಕೂಡಲೇ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಮೂಗಿಗೆ ಹೊಡೆಯುವ ವಾಸನೆಯೇ ಅದರ ಸಾಕ್ಷಿ. ಇನ್ನೊಂದು ಮಾತನ್ನು ಹೇಳಲೇಬೇಕು: ಈಗಿನ ಬಚ್ಚಲ ಒಲೆಯ ಬೂದಿ ಅತ್ತೆಯವರ ಕಾಲದ್ದಲ್ಲ. ಹಾಲಿನ ಪೊಟ್ಟಣ, ಪ್ಲಾಸ್ಟಿಕ್ ಚೀಲ, ಬಣ್ಣ ಬಳಿದ ಹಲಗೆ ಎಲ್ಲವೂ ಆ ಒಲೆಗೆ ಹೋಗುತ್ತಿದ್ದರೆ ಆ ಬೂದಿಯನ್ನು ಬಸಳೆಯ ಬುಡಕ್ಕೆ ಹಾಕಬೇಡಿ.

ಸುಡುಮಣ್ಣಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಣಕಡ್ಡಿ, ತರಗೆಲೆ, ಹುಲ್ಲನ್ನು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಜ್ವಾಲೆಯೇಳದಂತೆ ಎರಡು ಮೂರು ದಿನ ಹೊಗೆಯಾಡಿಸಿ ಸುಡುವ ಈ ಕ್ರಮದಿಂದ ಮಣ್ಣಿನೊಳಗೆ ಹಲವು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಬಿಸಿಗೆ ಕಳೆಬೀಜ, ಬೇರುಗಂಟಿನ ಜಂತುಹುಳು, ಕೆಲವು ರೋಗಕಾರಕ ಶಿಲೀಂಧ್ರಗಳು ಸಾಯುತ್ತವೆ. ಸಾವಯವ ರೂಪದಲ್ಲಿ ಕಟ್ಟಿಕೊಂಡಿದ್ದ ಸಾರಜನಕದ ಒಂದು ಪಾಲು ಗಿಡಕ್ಕೆ ತಕ್ಷಣ ಸಿಗುವ ರೂಪಕ್ಕೆ ಬರುತ್ತದೆ. ಬೂದಿಯಿಂದ ಹುಳಿ ಇಳಿಯುತ್ತದೆ. ಅಂಟು ಮಣ್ಣು ಉದುರುದುರಾಗಿ ನೀರು ಬಸಿಯುತ್ತದೆ. ಅರೆಬೆಂದ ಇದ್ದಿಲಿನ ಚೂರುಗಳು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ. ಮಲ್ಲಿಗೆಯ ಬುಡ, ಬದನೆ ಮೆಣಸಿನ ಸಸಿಮಡಿ, ಸುವರ್ಣಗೆಡ್ಡೆಯ ಗುಂಡಿ ಇವಕ್ಕೆ ಸುಡುಮಣ್ಣು ಕೊಟ್ಟಾಗ ಗಿಡ ಹದಿನೈದು ದಿನದಲ್ಲಿ ಮೈದುಂಬುವುದಕ್ಕೆ ಇದೇ ಕಾರಣ. ಆದರೆ ಆ ಹುರುಪಿನ ಬೆಲೆಯೂ ಸಣ್ಣದಲ್ಲ. ರಾಶಿಯಲ್ಲಿದ್ದ ಎಲೆಯ ಸಾರಜನಕ ಬಹುಪಾಲು ಹೊಗೆಯೊಂದಿಗೆ ಹೋಗಿರುತ್ತದೆ, ಮೇಲ್ಮಣ್ಣಿನ ಸಾವಯವ ಅಂಶವೂ ಉರಿದಿರುತ್ತದೆ. ಹಾಡಿ ತುಂಬ ಎಲೆಯಿದ್ದು ಒಂದಿಷ್ಟನ್ನು ಸುಟ್ಟರೆ ನಷ್ಟ ಗೊತ್ತಾಗುತ್ತಿರಲಿಲ್ಲ. ಎಲೆಯೇ ಅಪರೂಪವಾಗಿರುವ ನಿಮ್ಮ ಹಿತ್ತಲಿನಲ್ಲಿ ಸಸಿಮಡಿಗೂ ತರಕಾರಿಯ ಸಾಲಿಗೂ ಬೇಕಾದಷ್ಟನ್ನು ಮಾತ್ರ, ಬೇರೆ ಕೆಲಸಕ್ಕೆ ಬಾರದ ಮುಳ್ಳುಕಂಟಿ ಮತ್ತು ಕಳೆಯ ಬೇರುಗಳಿಂದ ಮಾಡಿಕೊಳ್ಳಿ. ಅಡಿಕೆ, ತೆಂಗಿನ ಬುಡಕ್ಕೆ ಅದು ಬೇಡ.

ಇನ್ನು ಸೊಪ್ಪು. ಹಸಿ ಸೊಪ್ಪಿಗೂ ತರಗೆಲೆಗೂ ಇರುವ ವ್ಯತ್ಯಾಸವನ್ನು ಹಟ್ಟಿ ಮರೆಮಾಚುತ್ತಿತ್ತು. ಮರ ತನ್ನ ಎಲೆಯನ್ನು ಉದುರಿಸುವ ಮುನ್ನ ಅದರಲ್ಲಿದ್ದ ಸಾರಜನಕದ ದೊಡ್ಡ ಭಾಗವನ್ನು ಹಿಂದಕ್ಕೆ ಎಳೆದುಕೊಂಡಿರುತ್ತದೆ. ಹಾಗಾಗಿ ಬೇಸಗೆಯಲ್ಲಿ ಗುಡಿಸಿ ತಂದ ತರಗೆಲೆ ಹೊದಿಕೆಗೆ ಅತ್ಯುತ್ತಮ, ಆಹಾರವಾಗಿ ಬಡವ. ಅದನ್ನು ಮಣ್ಣಿನೊಳಗೆ ಸೇರಿಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಿತ್ತುಕೊಂಡು ಗಿಡವನ್ನು ಕೆಲವು ತಿಂಗಳು ಹಸಿವಿನಲ್ಲಿಡುತ್ತವೆ. ಹಟ್ಟಿಯಲ್ಲಿ ಅದೇ ತರಗೆಲೆ ದನದ ಕಾಲಡಿ ಗಂಜಲ ಕುಡಿದು ಸಾರಜನಕ ತುಂಬಿಕೊಳ್ಳುತ್ತಿತ್ತು, ಏಕೆಂದರೆ ದನ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಗಂಜಲದಲ್ಲಿಯೇ ಇರುತ್ತದೆ. ದನವಿಲ್ಲದ ನೀವು ಆ ಕೂಡಿಕೆಯನ್ನು ಕೈಯಾರೆ ಮಾಡಬೇಕು.

ಇದಕ್ಕೆ ಕಾಂಪೋಸ್ಟಿನ ರಾಶಿಯೇ ದಾರಿ, ಆದರೆ ಗುಂಡಿಯಲ್ಲ. 1939ರಲ್ಲಿ ಸಿ.ಎನ್. ಆಚಾರ್ಯ ಅವರು ರೂಪಿಸಿದ, 'ಬೆಂಗಳೂರು ಪದ್ಧತಿ' ಎಂದೇ ಪ್ರಸಿದ್ಧವಾದ ವಿಧಾನದಲ್ಲಿ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ, ಮಗುಚದೆ ತಿಂಗಳುಗಟ್ಟಲೆ ಬಿಡುತ್ತಾರೆ. ಮಳೆ ಕಡಿಮೆಯಿರುವ ಬಯಲುಸೀಮೆಗೆ ಅದು ಹೊಂದುತ್ತದೆ. ಕುಂದಾಪುರದ ಜುಲೈ ತಿಂಗಳಿನಲ್ಲಿ ಗುಂಡಿ ತೋಡಿದರೆ ನಿಮಗೆ ಸಿಗುವುದು ಕಪ್ಪುನೀರಿನ ಬಾವಿ. ನೆಲದ ಮೇಲೆಯೇ, ಹಳೆಯ ಹಟ್ಟಿಯ ಮಾಡಿನಡಿ ಜಾಗವಿದ್ದರೆ ಅಲ್ಲಿಯೇ, ನಾಲ್ಕಡಿ ಅಗಲ, ಮೂರೂವರೆ ಅಡಿ ಎತ್ತರದ ರಾಶಿ ಹಾಕಿ. ಮೂರು ಬುಟ್ಟಿ ತರಗೆಲೆ ಮತ್ತು ಚೂರು ಮಾಡಿದ ಸೋಗೆಗೆ ಒಂದು ಬುಟ್ಟಿ ಹಸಿ ಸೊಪ್ಪು, ನಡುವೆ ಪಕ್ಕದ ಮನೆಯಿಂದ ತರುವ ಸಗಣಿಯ ಬಗ್ಗಡ, ಸಗಣಿ ಸಾಲದಿದ್ದರೆ ಹಿಡಿಯಷ್ಟು ನೆಲಗಡಲೆ ಹಿಂಡಿ ಅಥವಾ ಹೊಂಗೆ ಹಿಂಡಿಯ ಪುಡಿ. ನೆಲಗಡಲೆ ಹಿಂಡಿಯಲ್ಲಿ ಶೇಕಡ 7ರಷ್ಟು, ಬೇವಿನದರಲ್ಲಿ ಶೇಕಡ 5ರಷ್ಟು, ಹೊಂಗೆಯದರಲ್ಲಿ ಶೇಕಡ 4ರಷ್ಟು ಸಾರಜನಕವಿರುತ್ತದೆ. ನಿಮ್ಮ ಡ್ರಮ್ಮಿನ ಜೀವಾಮೃತವನ್ನು ಈ ರಾಶಿಗೆ ಸುರಿಯಿರಿ, ಅದರ ಸರಿಯಾದ ಸ್ಥಾನ ಇದು. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಕಾಪಾಡಿ, ತಿಂಗಳಿಗೊಮ್ಮೆ ಮಗುಚಿದರೆ ನಾಲ್ಕೈದು ತಿಂಗಳಿನಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಇಂಥ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧ ಎಂದು ಹಿಡಿದರೂ ಅಡಿಕೆಗೆ ಹೇಳಿದ 12 ಕಿಲೋದಲ್ಲಿ 60 ಗ್ರಾಂ ಇರುತ್ತದೆ. ಅದೆಲ್ಲವೂ ಒಂದೇ ವರ್ಷದಲ್ಲಿ ಸಿಗುವುದಿಲ್ಲ, ಮೊದಲ ವರ್ಷ ಸುಮಾರು ಮೂರನೆಯ ಒಂದು ಪಾಲು ಬಿಡುಗಡೆಯಾಗುತ್ತದೆ. ಎರಡು ಮೂರು ವರ್ಷ ಬಿಡದೆ ಹಾಕಿದ ಮೇಲೆಯೇ ಹಳೆಯದೂ ಹೊಸದೂ ಸೇರಿ ಲೆಕ್ಕ ಕೂಡಿಬರುತ್ತದೆ.

ಹಸಿ ಸೊಪ್ಪಿಗೆ ಹಾಡಿಯನ್ನು ನೆಚ್ಚಬೇಡಿ. ಮತ್ತಿ, ಹೊನ್ನೆ, ಕಿಂದಳದ ಟೊಂಗೆಗಳನ್ನು ವರ್ಷವರ್ಷವೂ ಬೋಳಿಸಿ ಎಷ್ಟೋ ಸೊಪ್ಪಿನ ಬೆಟ್ಟಗಳು ಬರಿಯ ಕುರುಚಲಾದದ್ದನ್ನು ಈ ಸೀಮೆ ಕಂಡಿದೆ. ಒಂದು ತೋಟದ ಸಮೃದ್ಧಿ ಇನ್ನೊಂದು ನೆಲದ ಬಡತನವಾಗಿತ್ತೆಂಬ ಮಾತನ್ನು ಪರಂಪರೆಯನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಬೇಲಿಗೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಊರಿ. ಅದು ಮಧ್ಯ ಅಮೆರಿಕದಿಂದ ಬಂದ ಗಿಡವಾದರೂ ನಮ್ಮ ಬೇಲಿಗಳಲ್ಲಿ ನೆಲೆ ಕಂಡಿದೆ. ಮಳೆ ಹಿಡಿಯುವ ಹೊತ್ತಿಗೆ ಹೆಬ್ಬೆರಳು ಗಾತ್ರದ, ಮೂರಡಿಯ ಬಲಿತ ಗೂಟಗಳನ್ನು ನೆಟ್ಟರೆ ಎರಡನೆಯ ವರ್ಷದಿಂದ ವರ್ಷಕ್ಕೆ ಎರಡು ಮೂರು ಬಾರಿ ಸವರಬಹುದು. ಅದರ ನೂರು ಕಿಲೋ ಹಸಿ ಸೊಪ್ಪಿನಲ್ಲಿ ಸುಮಾರು 700 ಗ್ರಾಂ ಸಾರಜನಕವಿರುತ್ತದೆ, ಎಂದರೆ ಮೂರು ಡ್ರಮ್ ಜೀವಾಮೃತಕ್ಕಿಂತ ಹೆಚ್ಚು. ಒಂದೆರಡು ಹೊಂಗೆಯ ಮರಕ್ಕೂ ಮೂಲೆಯಲ್ಲಿ ಜಾಗ ಕೊಡಿ. ತರಕಾರಿಯ ಮಡಿ ಖಾಲಿಯಿರುವಾಗ ಮಳೆ ಇಳಿದ ಮೇಲಿನ ತೇವಕ್ಕೆ ಹುರುಳಿಯನ್ನೋ ಅಲಸಂದೆಯನ್ನೋ ಎರಚಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಮಗುಚಿ ಹಾಕುವುದೂ ಹಳೆಯ ಬುದ್ಧಿವಂತಿಕೆಯೇ.

ಹಾಕುವ ಕಾಲ ಹೀಗಿರಲಿ. ಮೇ ತಿಂಗಳ ಕೊನೆಯಲ್ಲಿ, ದೊಡ್ಡ ಮಳೆಗೆ ಮುಂಚೆ, ನೆಲಕ್ಕೆ ತರಗೆಲೆ ಮತ್ತು ಸೋಗೆಯ ಹೊದಿಕೆ ಮಾತ್ರ. ಅದು ಮಳೆಹನಿಯ ಪೆಟ್ಟು ತಡೆದು ಮೇಲ್ಮಣ್ಣನ್ನು ಉಳಿಸುತ್ತದೆ. ಜೂನ್, ಜುಲೈಯಲ್ಲಿ ಕೊಟ್ಟ ಗೊಬ್ಬರ ಮರಕ್ಕಿಂತ ಮೊದಲು ಹೊಳೆಗೆ ಸಿಗುತ್ತದೆ, ಆ ತಿಂಗಳುಗಳಲ್ಲಿ ಬಸಿಗಾಲುವೆ ಬಿಡಿಸುವುದೇ ತೋಟಕ್ಕೆ ಮಾಡುವ ದೊಡ್ಡ ಉಪಕಾರ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನಲ್ಲಿ, ಮಳೆ ಕಡಿಮೆಯಾಗಿ ನೆಲ ಇನ್ನೂ ತೇವವಾಗಿರುವಾಗ, ಬುಡದಿಂದ ಎರಡು ಮೂರು ಅಡಿ ದೂರದ ಪಾತಿಯಲ್ಲಿ ಕಾಂಪೋಸ್ಟ್ ಹಾಕಿ, ಅದರ ಮೇಲೆ ಹಸಿ ಸೊಪ್ಪು, ತೆಳುವಾಗಿ ಮಣ್ಣು, ಮೇಲೆ ಒಣ ಹೊದಿಕೆ. ಹೊದಿಕೆ ಕಾಂಡಕ್ಕೆ ತಾಗಿಕೊಂಡಿರಬಾರದು, ಗೆದ್ದಲಿಗೂ ಬುಡ ಕೊಳೆಗೂ ಅದು ಆಹ್ವಾನ.

ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ. ಬಚ್ಚಲ ನೀರನ್ನು ಬಾಳೆಗೆ, ಕೆಸುವಿಗೆ ಬಿಡುವ ಕ್ರಮ ಚೆನ್ನ, ಆದರೆ ಬಟ್ಟೆ ತೊಳೆಯುವ ಪುಡಿಯ ನೀರು ಒಂದೇ ಜಾಗದಲ್ಲಿ ಸದಾ ನಿಂತರೆ ಸೋಡಿಯಂ ಕೂಡಿ ಮಣ್ಣು ಗಟ್ಟಿಯಾಗುತ್ತದೆ, ಆಗಾಗ ದಿಕ್ಕು ಬದಲಿಸಿ. ಕಡಲಬದಿಯವರು ಅಗ್ಗದ ಬೂತಾಯಿ ಮೀನನ್ನು ತೆಂಗಿಗೆ ಹೂಳುತ್ತಿದ್ದರು, ಸಾರಜನಕ ಮತ್ತು ರಂಜಕ ಎರಡಕ್ಕೂ ಒಳ್ಳೆಯದು, ಆಳವಾಗಿ ಹೂಳದಿದ್ದರೆ ಊರಿನ ನಾಯಿಗಳೆಲ್ಲ ನಿಮ್ಮ ಹಿತ್ತಲಿನಲ್ಲಿರುತ್ತವೆ. ಕೆರೆಯ ಗೋಡುಮಣ್ಣು ಸಿಕ್ಕಿದರೆ ಬಿಡಬೇಡಿ. ಜೆಸಿಬಿಯಿಂದ ಗುಡ್ಡ ಕೆರೆದು ತಂದ ಕೆಂಪು ಮಣ್ಣನ್ನು ತೋಟಕ್ಕೆ ಏರಿಸಲು ಹಣ ಸುರಿಯಬೇಡಿ. ಹೊರಬಿದ್ದ ಬೇರು ಮುಚ್ಚುವುದಕ್ಕಷ್ಟೇ ಅದು ಸಾಕಾಗುತ್ತದೆ, ಅದರಲ್ಲಿ ಸಾರವಿಲ್ಲ.

ರಂಜಕದ ಮಟ್ಟಿಗೆ ಹಳೆಯ ಪದ್ಧತಿಗಳು ಅಷ್ಟು ಸಮರ್ಥವಲ್ಲ. ನಮ್ಮ ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಎಲೆಗೊಬ್ಬರದಲ್ಲಿ ಅದು ಇರುವುದೂ ಕಡಿಮೆ. ಎಲುಬಿನ ಪುಡಿ ಅಥವಾ ಶಿಲಾರಂಜಕವನ್ನು (ರಾಕ್ ಫಾಸ್ಫೇಟ್) ನೇರವಾಗಿ ಮಣ್ಣಿಗೆ ಚೆಲ್ಲದೆ ಕಾಂಪೋಸ್ಟ್ ರಾಶಿಯಲ್ಲೇ ಬೆರೆಸಿದರೆ ಗಿಡಕ್ಕೆ ಹೆಚ್ಚು ದಕ್ಕುತ್ತದೆ. ಪೊಟ್ಯಾಷ್‌ಗೂ ಮೊದಲ ಎರಡು ವರ್ಷ ಬೂದಿ ಮತ್ತು ಸಿಪ್ಪೆ ಸಾಲದೇ ಹೋಗಬಹುದು. ಮನೆಯಲ್ಲಿ ಗ್ಯಾಸ್ ಬಂದ ಮೇಲೆ ಅರವತ್ತು ಕಿಲೋ ಬೂದಿ ಎಲ್ಲಿಂದ ಬರಬೇಕು? ಆ ಕೊರತೆಯನ್ನು ಅಂಗಡಿಯ ಪೊಟ್ಯಾಷ್‌ನಿಂದ ತುಂಬಿದರೆ ಹಿತ್ತಲು ಮೈಲಿಗೆಯಾಗುವುದಿಲ್ಲ. ಮರ ಚೇತರಿಸಿಕೊಂಡು ಸೋಗೆ, ಸಿಪ್ಪೆ ಹೆಚ್ಚು ಬರತೊಡಗಿದಂತೆ ಅದನ್ನು ಇಳಿಸುತ್ತಾ ಹೋಗಬಹುದು.

ದನ ಕಟ್ಟಬೇಕೇ ಎಂಬುದಕ್ಕೆ ಉತ್ತರ ಈಗ ನಿಮಗೇ ಹೊಳೆದಿರಬಹುದು. ಹುಲ್ಲಿಗೆ ಗದ್ದೆಯೂ ಮೇಯಲು ಜಾಗವೂ ಹಾಲಿನ ಅಗತ್ಯವೂ ಇದ್ದರೆ ಮಲೆನಾಡು ಗಿಡ್ಡದ ಒಂದು ಹಸು ಚೆನ್ನ. ಗೊಬ್ಬರಕ್ಕಾಗಿಯೇ ದನ ಕಟ್ಟಿ, ಹುಲ್ಲು, ಹಿಂಡಿ ಎಲ್ಲವನ್ನೂ ಕೊಂಡು ಹಾಕುವುದಾದರೆ, ಅದೇ ಹಿಂಡಿಯನ್ನು ರಾಶಿಗೆ ಹಾಕುವುದು ಅಗ್ಗ.

ಅಡಿಕೆಯ ಸೋಗೆ ಹಳದಿಯಾಗುವುದಕ್ಕೆ ಮಾತ್ರ ಹಸಿವೊಂದೇ ಕಾರಣವೆಂದು ದೂರದಿಂದ ಹೇಳಲಾರೆ. ನೀರು ನಿಲ್ಲುವ ತಗ್ಗಿನಲ್ಲಿರುವ ಮರಗಳೇ ಹಳದಿಯಾಗಿದ್ದರೆ ಬಸಿಗಾಲುವೆ ಆಳ ಮಾಡಿ. ಹಳದಿಯ ಜೊತೆಗೆ ಕಾಯಿಯ ತಿರುಳೂ ಕಪ್ಪಾಗುತ್ತಿದ್ದರೆ ಅದು ಹಳದಿ ಎಲೆ ರೋಗವಿರಬಹುದು, ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ಏಪ್ರಿಲ್ ಅಥವಾ ಮೇಯಲ್ಲಿ, ಬೂದಿ ಗೊಬ್ಬರ ಯಾವುದೂ ಬೀಳದ ಎಂಟು ಹತ್ತು ಕಡೆಗಳಿಂದ ಒಂದಡಿ ಆಳದ ವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋದಷ್ಟನ್ನು ಅವರಲ್ಲಿಗೇ ಪರೀಕ್ಷೆಗೆ ಕೊಡಿ. ಮಣ್ಣಿನ ಹುಳಿಯನ್ನು ತೋರಿಸುವ ರಸಸಾರ (pH) 5.5ಕ್ಕಿಂತ ಕೆಳಗೆ ಬಂದರೆ ಕರಗಿದ ಅಲ್ಯೂಮಿನಿಯಂ ಬೇರಿಗೆ ವಿಷವಾಗತೊಡಗುತ್ತದೆ. ಆಗ ವರದಿ ಹೇಳಿದ ಪ್ರಮಾಣದಲ್ಲಿ ಚಿಪ್ಪುಸುಣ್ಣವನ್ನು ಮೊದಲ ಮಳೆಯ ಹದಕ್ಕೆ ಕೊಟ್ಟು, ಅಕ್ಟೋಬರಿನ ಗೊಬ್ಬರವನ್ನು ಅದರ ಮೇಲೆ ಹಾಕಿ.